ಯೊಮೈರಾಳ ನೆಲ

ಎಲಾದಿಯೊ ಮೇಸ್ತ್ರಿಯ ಮನೆ ಎಲ್ಲಿ ಎಂದು ಕಡಲಂಚಿನ ಮೌನಾಬೊ ಊರಿನಲ್ಲಿ ಯಾರನ್ನು ಕೇಳಿದರೂ ಬೀದಿಯ ಹೆಸರು ಹೇಳುತ್ತಿರಲಿಲ್ಲ. ತಲೆ ಎತ್ತಿಕೊಂಡು ನಡೆಯಿರಿ, ಕೆಂಪು ಕಂಬಿ ಕಂಡಲ್ಲಿ ನಿಲ್ಲಿ ಎನ್ನುತ್ತಿದ್ದರು. ತಾರಸಿಯ ಮೇಲೆ ಪಿಲ್ಲರ್ ಕಂಬಿಗಳು ಚಾಚಿಕೊಂಡಿರುವ ಮನೆಗಳಿಗೆ ಆ ಕಡೆ ಬರವಿಲ್ಲ. ಅಪ್ಪ ಕೆಳಗೆ ಕಟ್ಟಿ ಕಂಬಿ ಬಿಡುತ್ತಾನೆ, ಮದುವೆಯಾದ ಮಗನೋ ಮಗಳೋ ಅದರ ಮೇಲೆ ಕಟ್ಟುತ್ತಾರೆ. ಕಟ್ಟುತ್ತಾರೆ ಎಂದು ಅಪ್ಪಂದಿರು ಅಂದುಕೊಂಡಿರುತ್ತಾರೆ. ಬಹುಪಾಲು ಕಂಬಿಗಳು ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು, ಕೊನೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟುವುದಕ್ಕೆ ಉಪಯೋಗವಾಗುತ್ತವೆ.

ಎಲಾದಿಯೊನ ಕಂಬಿಗಳಿಗೆ ಆ ಗತಿ ಬಂದಿರಲಿಲ್ಲ. ಪ್ರತಿ ವರ್ಷ ಬಿರುಗಾಳಿಯ ಕಾಲ ಶುರುವಾಗುವ ಮುಂಚೆ ಅವನು ಕೆಂಪು ಬಣ್ಣದ ಡಬ್ಬಿ ಹಿಡಿದು ಮೇಲೆ ಹತ್ತುತ್ತಿದ್ದ. ಒಂದೊಂದೇ ಕಂಬಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣ ಬಳಿದು, ತುದಿಗೆ ಖಾಲಿ ಬಿಯರ್ ಡಬ್ಬಿ ಕವುಚುತ್ತಿದ್ದ. ಮನೆಯ ಹೊರಗೋಡೆಗೆ ಅಂಟಿಕೊಂಡಂತೆ ಒಂದು ಕಾಂಕ್ರೀಟ್ ಮೆಟ್ಟಿಲು, ಯಾವ ಬಾಗಿಲಿಗೂ ಹೋಗದ ಮೆಟ್ಟಿಲು. ತಾರಸಿಯ ಮೂಲೆಯಲ್ಲಿ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ ಒಂದು ಪೈಪು. ಅದು ಯೊಮೈರಾಳ ಅಡುಗೆಮನೆಯ ನೀರು ಇಳಿದುಹೋಗುವ ದಾರಿ. ಯೊಮೈರಾ ಅವನ ಒಬ್ಬಳೇ ಮಗಳು. ಆ ಪೈಪು ಹಾಕುವಾಗ ಅವಳ ಕೈ ಇನ್ನೂ ಸಿಂಕಿಗೆ ಎಟುಕುತ್ತಿರಲಿಲ್ಲ. ಈಗ ಅವಳು ಬೆಟ್ಟದಾಚೆಯ ಕಾಗ್ವಾಸ್ ಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಗಂಡ ಮಕ್ಕಳ ಜೊತೆ ಅಲ್ಲೇ ಬಾಡಿಗೆ ಮನೆ.

"ನನ್ನ ತಲೆಗೆ ಬಣ್ಣ ತಂದುಕೊಡು ಅಂದ್ರೆ ವಯಸ್ಸಾಯ್ತಲ್ಲ ಯಾಕೆ ಅಂತಾನೆ. ಆ ಕಂಬಿಗಳಿಗೆ ಮಾತ್ರ ವರ್ಷಾ ವರ್ಷಾ ಸಿಂಗಾರ," ಎಂದು ಅವನ ಹೆಂಡತಿ ಪ್ರೊವಿ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಅನ್ನ ಕಾಳು ಬೇಯಿಸಿ ಹಾಕಿದವಳು, ಮಾತಿಗೂ ನಗುವಿಗೂ ಕೊರತೆ ಇರಲಿಲ್ಲ. ಆಮೇಲಾಮೇಲೆ ನಗುವುದಕ್ಕೆ ಉಸಿರೇ ಸಾಲದಾಯಿತು. ಡಾಕ್ಟರು ಶ್ವಾಸಕೋಶ ಸೋತಿದೆ ಎಂದರು. ಮಂಚದ ಪಕ್ಕಕ್ಕೆ ಸೂಟ್‌ಕೇಸಿನಷ್ಟು ದೊಡ್ಡ ಒಂದು ಮಷೀನು ಬಂತು, ಅದರಿಂದ ಒಂದು ಸಣ್ಣ ಕೊಳವೆ ಅವಳ ಮೂಗಿಗೆ. ಮಷೀನು ಗಾಳಿಯಿಂದ ಆಮ್ಲಜನಕ ಹೀರಿ ಅವಳಿಗೆ ಕೊಡುತ್ತಿತ್ತು. ಕೊಡಬೇಕಾದರೆ ಕರೆಂಟು ಬೇಕಿತ್ತು.

ಕರೆಂಟು ಮೌನಾಬೊಗೆ ಸಿರಿವಂತ ನೆಂಟನ ಹಾಗೆ ಬರುತ್ತಿತ್ತು, ತನಗೆ ಮನಸ್ಸು ಬಂದಾಗ. ದೊಡ್ಡ ಬಿರುಗಾಳಿ ಬಂದುಹೋಗಿ ವರ್ಷಗಳೇ ಕಳೆದರೂ ತಂತಿಗಳು ನೆಟ್ಟಗಾಗಿರಲಿಲ್ಲ. ಒಂದು ಓತಿಕ್ಯಾತ ಟ್ರಾನ್ಸ್‌ಫಾರ್ಮರಿಗೆ ಬಿದ್ದರೆ ಅರ್ಧ ಊರು ಕತ್ತಲು. ಆಗ ಎಲಾದಿಯೊ ಹಿತ್ತಿಲಿಗೆ ಓಡಿ ಜನರೇಟರಿನ ಹಗ್ಗ ಎಳೆಯುತ್ತಿದ್ದ. ಅದು ಕೆಮ್ಮಿ, ಹೊಗೆ ಉಗುಳಿ, ಹೊರಡುತ್ತಿತ್ತು. ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು ಪ್ರೊವಿಯೂ ಕೆಮ್ಮುತ್ತಿದ್ದಳು. ಉಸಿರು ಕೊಡುವ ಮಷೀನಿಗೆ ಉಸಿರು ಕಟ್ಟಿಸುವ ಮಷೀನು ಅನ್ನ ಹಾಕುತ್ತಿತ್ತು. ಅದನ್ನು ನೋಡಿಯೂ ಎಲಾದಿಯೊನಿಗೆ ಏನೂ ಅನ್ನಿಸಲಿಲ್ಲ ಎಂದರೆ ಅವನಿಗೆ ಅನ್ಯಾಯ ಮಾಡಿದಂತೆ. ಅನ್ನಿಸಿತ್ತು. ಅದಕ್ಕೇ ಜನರೇಟರನ್ನು ಎರಡು ಮಾರು ಹಿಂದಕ್ಕೆ ಸರಿಸಿದ್ದ.

ಎದುರು ಮನೆಯ ಮೊನ್ಸೆರಾತೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲುಗಳಿದ್ದವು. ಒಂದು ಕಾಲದಲ್ಲಿ ಅವನು ಎಲಾದಿಯೊನ ಕೈಕೆಳಗೆ ಸಿಮೆಂಟ್ ಕಲಸುತ್ತಿದ್ದವನು. ಬಿರುಗಾಳಿಯಲ್ಲಿ ಅವನ ತಗಡಿನ ಸೂರು ಹಾರಿಹೋಗಿತ್ತು. ಮತ್ತೆ ಕಾಂಕ್ರೀಟಿನಲ್ಲಿ ಕಟ್ಟಿದಾಗ ಒಂದು ಕಂಬಿಯನ್ನೂ ಬಿಡದೆ ನುಣ್ಣಗೆ ತಾರಸಿ ಹಾಕಿ, ಅದರ ತುಂಬ ಪ್ಯಾನೆಲು ಹಾಸಿದ್ದ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದಳು. ಕರೆಂಟು ಹೋದಾಗಲೆಲ್ಲ ಅವನು ತನ್ನ ಮನೆಯಿಂದ ಕಿತ್ತಳೆ ಬಣ್ಣದ ಉದ್ದನೆಯ ವೈರೊಂದನ್ನು ರಸ್ತೆ ದಾಟಿಸಿ ಪ್ರೊವಿಯ ಕಿಟಕಿಗೆ ಕೊಡುತ್ತಿದ್ದ.

"ಮೇಸ್ತ್ರಿ, ಜನರೇಟರ್ ಆರಿಸು. ನನ್ನ ಗುರುವಿನ ಹೆಂಡತಿ ಹೊಗೆ ಕುಡೀಬೇಕಾ?" ಎನ್ನುತ್ತಿದ್ದ.

ಎಲಾದಿಯೊ ಆರಿಸುತ್ತಿದ್ದ. ಆದರೆ ಆ ವೈರನ್ನು ನೋಡಿದಾಗಲೆಲ್ಲ ಅವನ ಮುಖ ಗಂಟು ಹಾಕಿಕೊಳ್ಳುತ್ತಿತ್ತು. ನಿನ್ನೆಯವರೆಗೆ ತನ್ನ ಬಕೆಟ್ ಹೊರುತ್ತಿದ್ದವನ ಹಂಗಿನಲ್ಲಿ ತನ್ನ ಹೆಂಡತಿ ಉಸಿರಾಡುವುದು ಅವನಿಗೆ ನುಂಗಲಾರದ ತುತ್ತಾಗಿತ್ತು.

ಸೋಲಾರ್ ಕಂಪನಿಗೆ ಫೋನ್ ಮಾಡಿದ್ದು ಪ್ರೊವಿ. ಗಂಡನಿಗೆ ಹೇಳಿರಲಿಲ್ಲ. ದೆಲಿರಿಸ್ ಎಂಬ ಹುಡುಗಿ ಕೈಯಲ್ಲಿ ಟ್ಯಾಬ್ ಹಿಡಿದು ಬಂದಾಗ ಎಲಾದಿಯೊ ಮೇಲೆ ಬಣ್ಣ ಬಳಿಯುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಬಂದು ಸುತ್ತ ನೋಡಿ, "ಎಂಥಾ ತಾರಸಿ ತಾತ, ಎಷ್ಟು ಗಟ್ಟಿ. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ಯಾರು ಕಟ್ಟಿದ್ದು?" ಎಂದಳು.

"ನಾನೇ," ಎಂದ ಎಲಾದಿಯೊ. ಹೊಗಳಿಕೆಗೆ ಅವನು ಮೊದಲಿನಿಂದಲೂ ಸ್ವಲ್ಪ ಸಡಿಲ. ಕುಂಚವನ್ನು ಡಬ್ಬಿಯ ಮೇಲಿಟ್ಟು ನಿಂತ.

ಅವಳು ಲೆಕ್ಕ ಹಾಕಿ ತೋರಿಸಿದಳು. ಹಗಲೂ ರಾತ್ರಿ ಓಡುವ ಮಷೀನು, ದೊಡ್ಡ ಫ್ರೀಜರು, ಫ್ರಿಜ್ಜು, ಫ್ಯಾನುಗಳು. ಈಗ ಕಟ್ಟುತ್ತಿರುವ ಬಿಲ್ಲಿಗಿಂತ ತಿಂಗಳ ಕಂತೇ ಕಡಿಮೆ ಬೀಳುತ್ತದೆ, ಜನರೇಟರಿನ ಪೆಟ್ರೋಲು ಸೇರಿಸಿದರಂತೂ ಕೇಳುವುದೇ ಬೇಡ. ಜೊತೆಗೆ ಬ್ಯಾಟರಿ, ಊರೆಲ್ಲ ಕತ್ತಲಾದರೂ ಮಷೀನು ನಿಲ್ಲುವುದಿಲ್ಲ. "ಬೇರೆಯವರ ಮನೆಗೆ ಹೋದಾಗ ಸ್ವಲ್ಪ ಯೋಚನೆ ಮಾಡಿ ಅಂತೀನಿ. ನಿಮ್ಮನೆಗೆ ಯೋಚನೆ ಮಾಡೋಕೆ ಏನೂ ಇಲ್ಲ," ಎಂದಳು. ಆಮೇಲೆ ಕಂಬಿಗಳ ಕಡೆ ಕೈ ತೋರಿಸಿದಳು. "ಇವನ್ನು ಮಾತ್ರ ಬುಡದಲ್ಲೇ ಕತ್ತರಿಸಬೇಕು."

"ಯಾಕೆ?"

"ನೆರಳು ಬೀಳುತ್ತೆ ತಾತ. ಒಂದು ಕಡ್ಡಿ ನೆರಳು ಬಿದ್ರೂ ಪ್ಯಾನೆಲ್ ಮುನಿಸ್ಕೊಳ್ಳುತ್ತೆ. ಮತ್ತೆ ಇವು ಮೂರು ಸಾಲಲ್ಲಿ ನಿಂತಿದಾವೆ, ನಡುವೆ ಜಾಗಾನೇ ಇಲ್ಲ. ಆಮೇಲೆ ಒಪ್ಪಂದ ಇಪ್ಪತ್ತೈದು ವರ್ಷದ್ದು. ಅಷ್ಟರ ತನಕ ಮೇಲೆ ಏನೂ ಕಟ್ಟೋ ಹಾಗಿಲ್ಲ."

ಎಲಾದಿಯೊ ಕುಂಚ ಎತ್ತಿಕೊಂಡ. "ಮಗಳೇ, ನೀನು ತಪ್ಪು ತಿಳ್ಕೊಂಡಿದೀಯ. ಇದು ತಾರಸಿ ಅಲ್ಲ. ಇದು ನನ್ನ ಯೊಮೈರಾಳ ಮನೆ ನೆಲ. ಯಾರಾದ್ರೂ ನೆಲದ ಮೇಲೆ ಪ್ಯಾನೆಲ್ ಹಾಸ್ತಾರಾ?"

"ಅವರು ಯಾವಾಗ ಕಟ್ತಾರೆ?"

"ಕಟ್ತಾಳೆ."

ದೆಲಿರಿಸ್ ತನ್ನ ಕಾರ್ಡನ್ನು ನೀರಿನ ತೊಟ್ಟಿಯ ಮೇಲಿಟ್ಟು, ಅದು ಹಾರಬಾರದೆಂದು ಒಂದು ಕಲ್ಲಿಟ್ಟು, ಇಳಿದುಹೋದಳು.

ಅವಳು ಹೋದ ಮೇಲೆ ಪ್ರೊವಿ ಎದ್ದು ಬಂದಳು. ಮಷೀನಿನ ಕೊಳವೆ ಎಷ್ಟು ಉದ್ದವೋ ಅಷ್ಟು ಅವಳ ಲೋಕ. ಅದು ಮುಂಬಾಗಿಲಿನವರೆಗೆ ಬರುತ್ತಿತ್ತು. ಅಲ್ಲಿ ನಿಂತರೆ ಮೆಟ್ಟಿಲಿನ ಬುಡ ಕಾಣುತ್ತಿತ್ತು, ಗಂಡ ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗಿ ಕೇಳಿದಳು.

"ಏ ಮುದುಕ, ಯೊಮೈರಾನ ಒಂದು ಮಾತು ಕೇಳಿದ್ಯಾ?"

"ಅವಳನ್ನ ಕೇಳೋದೇನಿದೆ? ಅವಳದೇ ಅಲ್ವಾ ಇದು," ಎಂದು ಮೇಲಿನಿಂದ ಉತ್ತರ ಬಂತು. "ಮೊದಲು ಅವಳು ಕಟ್ಟಲಿ. ಆಮೇಲೆ ಅವಳ ತಾರಸಿ ಮೇಲೆ ಹಾಕೋಣ ನಿನ್ನ ಪ್ಯಾನೆಲ್. ಇನ್ನೂ ಮೇಲೆ, ಇನ್ನೂ ಜಾಸ್ತಿ ಬಿಸಿಲು. ನಾನು ಯೋಚನೆ ಮಾಡದೆ ಮಾತಾಡ್ತೀನಾ?"

ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದರಲ್ಲಿ ಎಲ್ಲರಿಗೂ ಬೇಕಾದಷ್ಟು ಸಮಯವಿತ್ತು, ಅಷ್ಟೇ.

ಪ್ರೊವಿ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನನಗೋಸ್ಕರ ಕತ್ತರಿಸು ಅಂದ್ರೆ ಕತ್ತರಿಸ್ತೀಯಾ?"

ಮೇಲೆ ಉಪ್ಪುಕಾಗದ ಉಜ್ಜುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಜನರೇಟರಿಗೆ ಪೆಟ್ರೋಲು ತುಂಬಿಸಿದೀನಿ ಕಣೇ," ಎಂದ ಎಲಾದಿಯೊ. "ಒಳಗೆ ಹೋಗಿ ಕೂತ್ಕೋ, ಬಿಸಿಲು."

ಪ್ರೊವಿ ಕೊಳವೆಯನ್ನು ಕೈಗೆ ಸುತ್ತಿಕೊಳ್ಳುತ್ತಾ ಒಳಗೆ ಹೋದಳು. ಆ ಮಾತನ್ನು ಅವಳು ಇನ್ನೊಮ್ಮೆ ಎತ್ತಲಿಲ್ಲ. ಗಂಡನಾದವನು ಅದನ್ನು ಸಮಾಧಾನದ ಗುರುತೆಂದುಕೊಂಡ. ಗಂಡಸರು ಹಾಗೆಯೇ, ಹೆಂಡತಿ ಸುಮ್ಮನಾದರೆ ಗೆದ್ದೆವೆಂದುಕೊಳ್ಳುತ್ತಾರೆ.

ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಬರುವ ಮೂವರು ರಾಜರ ಹಬ್ಬಕ್ಕೆ ಯೊಮೈರಾ ಮಕ್ಕಳನ್ನು ಕರೆದುಕೊಂಡು ಬಂದಳು. ಪ್ರೊವಿ ಕೂತಲ್ಲೇ ಕೂತು ಹೇಳಿಕೊಟ್ಟಂತೆ ಮಗಳು ಬಾಳೆಕಾಯಿ ತುರಿದು, ಮಾಂಸ ತುಂಬಿ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದಳು. ಊಟಕ್ಕೆ ಕೂತಾಗ ಎಲಾದಿಯೊ ಪ್ರತಿ ವರ್ಷದ ಪ್ರಶ್ನೆ ಕೇಳಿದ.

"ಈ ವರ್ಷ ಶುರು ಮಾಡೋಣ್ವಾ? ಇಟ್ಟಿಗೆ ಕಟ್ಟೋದು ನಾನು. ನಿನ್ನ ಗಂಡ ಸಾಮಾನು ತರ್ಲಿ ಸಾಕು. ನನ್ನ ಕೈಯಲ್ಲಿ ಇನ್ನೂ ಕಸುವಿದೆ."

ಯೊಮೈರಾ ತಾಯಿಯ ಮುಖ ನೋಡಿದಳು. ತಾಯಿ ತಟ್ಟೆಯನ್ನು ನೋಡುತ್ತಿದ್ದಳು.

"ನೋಡೋಣ ಅಪ್ಪ," ಎಂದಳು ಯೊಮೈರಾ.

"ನೋಡೋಣ, ನೋಡೋಣ. ನೋಡಿ ನೋಡಿ ನನ್ನ ಕಣ್ಣಿಗೆ ಪೊರೆ ಬಂತು," ಎಂದು ಎಲಾದಿಯೊ ನಕ್ಕ. ಮೊಮ್ಮಗಳು ಇನ್ನೊಂದು ಪೊಟ್ಟಣ ಬಿಚ್ಚಿಕೊಡು ಎಂದು ಅವನ ಮುಂದೆ ತಟ್ಟೆ ಚಾಚಿದಳು. ಮಾತು ಅಲ್ಲಿಗೇ ನಿಂತಿತು.

ಜಗಳವಾದದ್ದು ಅದೇ ವರ್ಷ, ಮಾವಿನಹಣ್ಣಿನ ಕಾಲದಲ್ಲಿ. ಸಂಜೆ ಅಂಗಡಿಯ ಮುಂದೆ ಡಾಮಿನೋ ಆಡುತ್ತಾ ಕೂತಿದ್ದರು. ಆವತ್ತು ಮಧ್ಯಾಹ್ನವೂ ಕರೆಂಟು ಹೋಗಿ, ವೈರು ರಸ್ತೆ ದಾಟಿ ಬಂದಿತ್ತು. ಮೊನ್ಸೆರಾತೆ ಆಟ ಗೆದ್ದು ಹುರುಪಿನಲ್ಲಿದ್ದ.

"ಏನ್ ಮೇಸ್ತ್ರಿ, ನಿನ್ನ ಕಂಬಿಗಳು ಈ ವರ್ಷನಾದ್ರೂ ಚಿಗುರಿದ್ವಾ? ದಿನಾ ನೀರು ಹಾಕಿ ನೋಡು. ನನ್ನ ಪ್ಯಾನೆಲ್ ನೋಡು, ಹಾಕಿದ ವರ್ಷಾನೇ ಫಸಲು. ನನ್ನ ಮನೆಗೂ ಆಯ್ತು, ನಿನ್ನ ಮನೆಗೂ ಆಯ್ತು."

ಕೂತವರು ನಕ್ಕರು. ಅವನು ಆಡಿದ್ದು ತಮಾಷೆಗೆ. ಅಂಥದ್ದನ್ನು ಅವರಿಬ್ಬರೂ ಸಿಮೆಂಟ್ ಕಲಸುವ ಕಾಲದಿಂದ ಆಡಿಕೊಂಡು ಬಂದಿದ್ದರು. ಆದರೆ ಎಲಾದಿಯೊನ ಹೊಟ್ಟೆಯೊಳಗೆ ಆ ಕಿತ್ತಳೆ ವೈರು ಎಷ್ಟೋ ದಿನದಿಂದ ಸುತ್ತಿಕೊಂಡಿತ್ತು.

"ನಿಂದು ಬೋಳು ತಾರಸಿ ಕಣೋ," ಎಂದ. "ಮೇಲೆ ಕಟ್ಟೋಕೆ ನಿನಗೆ ಯಾರಿದಾರೆ? ಹಿಂದೆ ಇಲ್ಲ ಮುಂದೆ ಇಲ್ಲ. ಅದಕ್ಕೆ ಗಾಜು ಹಾಸ್ಕೊಂಡು ಕೂತಿದೀಯ. ಮಕ್ಕಳಿರೋರ ಮನೆ ವಿಷಯ ನಿನಗೇನು ಗೊತ್ತು?"

ನಗು ನಿಂತುಹೋಯಿತು. ಮೊನ್ಸೆರಾತೆಯೂ ಅವನ ಹೆಂಡತಿಯೂ ಒಂದು ಮಗುವಿಗಾಗಿ ಹೊತ್ತ ಹರಕೆಗಳೆಲ್ಲ ಊರಿಗೇ ಗೊತ್ತಿದ್ದವು. ಆ ಹೆಂಗಸು ಮಂಡಿಯೂರಿಕೊಂಡು ಇಗರ್ಜಿಯ ಮೆಟ್ಟಿಲು ಹತ್ತಿದ್ದನ್ನು ಅಲ್ಲಿ ಕೂತಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಮೊನ್ಸೆರಾತೆ ಕೈಯಲ್ಲಿದ್ದ ಕಾಯಿಯನ್ನು ಕವುಚಿಟ್ಟ. ಎದ್ದು ಹೋಗಿ, ರಸ್ತೆಯ ಮೇಲೆ ಇನ್ನೂ ಬಿದ್ದಿದ್ದ ವೈರನ್ನು ಮೊಣಕೈಗೆ ಸುತ್ತುತ್ತಾ ಸುತ್ತುತ್ತಾ ಮನೆಗೆ ಹೋದ. ಅದನ್ನು ತನ್ನ ಜಗುಲಿಯ ಗೋಡೆಯ ಮೊಳೆಗೆ ನೇತುಹಾಕಿದ.

ಆವತ್ತಿನಿಂದ ಕರೆಂಟು ಹೋದರೆ ಜನರೇಟರೇ ಗತಿಯಾಯಿತು. "ಹೋಗಿ ಅವನ ಹತ್ತಿರ ತಪ್ಪಾಯ್ತು ಅನ್ನು," ಎಂದು ಪ್ರೊವಿ ಎರಡು ಮೂರು ಸಲ ಹೇಳಿದಳು. "ನಾನ್ಯಾಕೆ?" ಎಂದ ಎಲಾದಿಯೊ. ಹೋಗಬೇಕೆಂದು ಅವನಿಗೂ ಇತ್ತು. ಗೇಟಿನವರೆಗೆ ಹೋಗಿ, ಅಲ್ಲಿನ ಮಾವಿನ ಮರದ ಕೆಳಗೆ ಬಿದ್ದ ಹಣ್ಣು ಆರಿಸಿಕೊಂಡು ವಾಪಸು ಬಂದದ್ದೂ ಉಂಟು.

ಆಗಸ್ಟಿನ ಒಂದು ನಡುಹಗಲು ಕರೆಂಟು ಹೋಯಿತು. ಗಾಳಿ ಸುಳಿಯದ ಸೆಕೆ. ಎಲಾದಿಯೊ ಜನರೇಟರಿನ ಹಗ್ಗ ಎಳೆದ. ಅದು ಸ್ವಲ್ಪ ಹೊತ್ತು ಓಡಿ, ಬಿಕ್ಕಿ ನಿಂತಿತು. ಹಿಂದಿನ ದಿನ ಕರೆಂಟು ಹೋದಾಗ ಪೆಟ್ರೋಲು ಬಹುಪಾಲು ಮುಗಿದಿತ್ತು, ತುಂಬಿಸಬೇಕೆನ್ನುವುದು ಮರೆತಿತ್ತು. ಅಂಥ ಹೊತ್ತಿಗೆಂದು ಮನೆಯಲ್ಲಿ ಒಂದು ಆಮ್ಲಜನಕದ ಸಿಲಿಂಡರು ಇತ್ತು. ಅವನು ಕೊಳವೆಯನ್ನು ಅದಕ್ಕೆ ಸಿಕ್ಕಿಸಿ, "ಈಗ ಬಂದೆ" ಎಂದ.

"ಇದರಲ್ಲೂ ಜಾಸ್ತಿ ಇಲ್ಲ," ಎಂದಳು ಪ್ರೊವಿ. ಆಮೇಲೆ, "ಮೊನ್ಸೆರಾತೆನ ಕರಿ" ಎಂದಳು.

"ಪೆಟ್ರೋಲ್ ಪಂಪು ಇಲ್ಲೇ ಇದೆಯಲ್ಲ. ಈಗ ಬಂದೆ ಅಂದೆನಲ್ಲ."

ಕಳ್ಳರ ಭಯಕ್ಕೆ ಗೇಟಿನ ಕಬ್ಬಿಣದ ಜಾಲರಿಗೆ ಬೀಗ ಹಾಕಿ ಹೋಗುವುದು ಅವನ ರೂಢಿ. ಆವತ್ತೂ ಹಾಕಿದ. ಕ್ಯಾನು ಹಿಡಿದು ರಸ್ತೆಗೆ ಇಳಿದಾಗ ಎದುರಿನ ಜಗುಲಿಯ ಗೋಡೆಯಲ್ಲಿ ಆ ಕಿತ್ತಳೆ ವೈರು ನೇತಾಡುತ್ತಿತ್ತು. ಬಾಗಿಲು ತೆರೆದಿತ್ತು, ಒಳಗೆ ರೇಡಿಯೋ ಹಾಡುತ್ತಿತ್ತು. ವೈರು ಕೊಡೋ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಅಷ್ಟು ಹೇಳಿದರೆ ಸವೆದುಹೋಗುವ ನಾಲಿಗೆಯಲ್ಲ ಅದು. ಎಲಾದಿಯೊ ಆ ಕಡೆ ನೋಡಿದ, ಮುಖ ತಿರುಗಿಸಿಕೊಂಡ, ನಡೆದ.

ಪಂಪಿನ ಮುಂದೆ ಊರೇ ನಿಂತಿತ್ತು. ಎಲ್ಲರ ಜನರೇಟರಿಗೂ ಅದೇ ಹೊತ್ತಿಗೆ ಹಸಿವಾಗಿತ್ತು. ಅವನು ಸಾಲಿನಲ್ಲಿ ನಿಂತ. ನನ್ನ ಹೆಂಡತಿಗೆ ಉಸಿರಿನ ತೊಂದರೆ, ಸ್ವಲ್ಪ ಮುಂದೆ ಬಿಡಿ ಎಂದು ಕೇಳಿದ್ದರೆ ಬಿಡುತ್ತಿದ್ದರು. ಅದನ್ನೂ ಕೇಳಲಿಲ್ಲ.

ಕ್ಯಾನು ತುಂಬಿಸಿಕೊಂಡು ಬರುವಾಗ ದೂರದಿಂದಲೇ ಕಂಡಿತು. ರಸ್ತೆಯ ಮೇಲೆ ವೈರು ಬಿದ್ದಿತ್ತು. ಗೇಟಿನ ಬೀಗ ಒಡೆದಿತ್ತು. ಒಳಗೆ ಮಷೀನು ಓಡುತ್ತಿತ್ತು, ಮೊನ್ಸೆರಾತೆ ನೆಲದ ಮೇಲೆ ಕೂತು ಪ್ರೊವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಟ್ಟಿನ ತುಂಡಿನಲ್ಲಿ ಗಾಳಿ ಬೀಸುತ್ತಿದ್ದ. ಪ್ರೊವಿಯ ತುಟಿ ನೀಲಿಯಾಗಿತ್ತು.

"ಕಿಟಕಿಗೆ ಚಮಚದಲ್ಲಿ ಬಡೀತಿದ್ಲು," ಎಂದ ಮೊನ್ಸೆರಾತೆ. "ರೇಡಿಯೋ ಸದ್ದಲ್ಲಿ ನನಗೆ ಬೇಗ ಕೇಳಿಸಲಿಲ್ಲ. ಕೇಳಿಸಿದ ಮೇಲೆ ನಿನ್ನ ಬೀಗ ಒಡೆಯೋದು ತಡ ಆಯ್ತು ಮೇಸ್ತ್ರಿ. ಚೆನ್ನಾಗಿ ಗಟ್ಟಿ ಬೀಗ ಹಾಕಿದೀಯ."

ಅವನು ಚುಚ್ಚಿ ಹೇಳಿದನೋ, ಸುಮ್ಮನೆ ಹೇಳಿದನೋ ಎಲಾದಿಯೊನಿಗೆ ಇಂದಿಗೂ ಗೊತ್ತಿಲ್ಲ. ಆಂಬುಲೆನ್ಸು ಬಂತು. ಪ್ರೊವಿ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು, ಮಾತಾಡಲಿಲ್ಲ, ತೀರಿಕೊಂಡಳು. ಮೊದಲೇ ಸೋತ ಶ್ವಾಸಕೋಶ, ಇವತ್ತಲ್ಲ ನಾಳೆ ಆಗುವುದೇ ಆಗಿತ್ತು ಎಂದರು ಡಾಕ್ಟರು. ಊರಿನವರೂ ಅದನ್ನೇ ಹೇಳಿದರು. ಎಲಾದಿಯೊನ ಮುಖ ನೋಡಿ ಹೇಳಿದವರು ಮಾತ್ರ ಯಾರೂ ಇಲ್ಲ.

ಸತ್ತವರಿಗಾಗಿ ಒಂಬತ್ತು ಸಂಜೆ ಮನೆಯಲ್ಲಿ ಜಪಮಾಲೆ ಹೇಳುವುದು ಅಲ್ಲಿನ ಪದ್ಧತಿ. ನೆರೆಹೊರೆಯವರು ಬರುತ್ತಾರೆ, ಪ್ರಾರ್ಥನೆ ಹೇಳುತ್ತಾರೆ, ಕಾಫಿ ಬಿಸ್ಕತ್ತು ತಗೊಳ್ಳುತ್ತಾರೆ. ಕೊನೆಯ ಸಂಜೆ ಪ್ರಾರ್ಥನೆಯ ನಡುವೆಯೇ ಕರೆಂಟು ಹೋಯಿತು. ಯಾರೂ ಕರೆಯದಿದ್ದರೂ ಮೊನ್ಸೆರಾತೆ ಎದ್ದು ಹೋಗಿ ವೈರು ತಂದು ಕಿಟಕಿಗೆ ಕೊಟ್ಟ. ದೀಪ ಬಂತು, ಪ್ರಾರ್ಥನೆ ಮುಂದುವರಿಯಿತು. ಮಷೀನಿಗೆಂದು ಎಷ್ಟೋ ಸಲ ಬಂದ ವೈರು ಈಗ ಅವಳ ಫೋಟೋದ ಮುಂದಿನ ಒಂದು ಬಲ್ಬಿಗೆ ಬಂದಿತ್ತು.

ಜನ ಹೋದ ಮೇಲೆ ಎಲಾದಿಯೊ ಹೊರಗಿನ ಮೆಟ್ಟಿಲ ಮೇಲೆ ಕೂತ. ಯೊಮೈರಾ ಅವನಿಗೆ ಕಾಫಿ ತಂದುಕೊಟ್ಟು, ಒಂದು ಮೆಟ್ಟಿಲು ಕೆಳಗೆ ಕೂತಳು.

"ಇನ್ನು ತಡ ಮಾಡೋದು ಬೇಡ," ಎಂದ ಎಲಾದಿಯೊ. "ಮುಂದಿನ ತಿಂಗಳೇ ಶುರು ಮಾಡೋಣ. ನೀನು ಮೇಲಿದ್ದರೆ ನನಗೂ ಒಂದು ಆಸರೆ. ನಿನ್ನಮ್ಮನೂ ಅದನ್ನೇ ಬಯಸಿದ್ಲು."

ಯೊಮೈರಾ ರಸ್ತೆಯ ಮೇಲಿನ ವೈರನ್ನು ನೋಡಿದಳು.

"ಏನಂತೀಯ?"

"ಅಪ್ಪ, ನಾನು ಇಲ್ಲಿಗೆ ಬರಲ್ಲ."

"ಈಗ ಬರಬೇಡ. ಮಕ್ಕಳ ಶಾಲೆ ಮುಗಿದ ಮೇಲೆ..."

"ಯಾವತ್ತೂ ಬರಲ್ಲ ಅಪ್ಪ. ನಿನ್ನ ತಲೆ ಮೇಲೆ ಮನೆ ಕಟ್ಕೊಂಡು, ಒಂದು ಮೊಳೆ ಹೊಡೆದ್ರೂ ನೀನು ಮೇಲೆ ಬಂದು ಹಾಗಲ್ಲ ಹೀಗೆ ಅನ್ನೋದನ್ನ ಕೇಳ್ಕೊಂಡು ಇರೋಕೆ ನನಗಾಗಲ್ಲ. ನನ್ನ ಗಂಡನಿಗಂತೂ ಆಗೋದೇ ಇಲ್ಲ. ನಾನು ಯಾವತ್ತೋ ಹೇಳಿದ್ದೆ."

"ನನಗೆ ಯಾರೂ ಹೇಳಲಿಲ್ಲ."

"ಅಮ್ಮನಿಗೆ ಹೇಳಿದ್ದೆ. ಬಿರುಗಾಳಿ ಆದ ವರ್ಷಾನೇ ಹೇಳಿದ್ದೆ. ನಿನಗೂ ಹೇಳ್ತೀನಿ ಅಂದ್ರೆ ಬೇಡ ಅಂದ್ಲು. ಅವನು ಬೆಳಗ್ಗೆ ಏಳೋದೇ ಆ ಕಂಬಿಗೋಸ್ಕರ, ಇರ್ಲಿ ಬಿಡು ಅಂದ್ಲು."

ಎಲಾದಿಯೊ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟ. "ಹಾಗಾದ್ರೆ ಆ ಸೋಲಾರ್ ಹುಡುಗಿ ಬಂದಾಗ ನಿನ್ನಮ್ಮ ಯಾಕೆ ಹೇಳಲಿಲ್ಲ? ಯೊಮೈರಾಗೆ ಬೇಡ್ವಂತೆ, ಕತ್ತರಿಸು ಅಂದಿದ್ರೆ ನಾನು ಅವತ್ತೇ ಕತ್ತರಿಸಿ ಬಿಸಾಕ್ತಿದ್ದೆ."

"ನಾನೂ ಅದನ್ನೇ ಕೇಳ್ದೆ," ಎಂದಳು ಯೊಮೈರಾ. ಅವಳಿಗೆ ಅಳು ಬಂದಿತ್ತು, ಆದರೆ ಸಿಟ್ಟು ಅದಕ್ಕಿಂತ ಹೆಚ್ಚು ಬಂದಿತ್ತು. "ಹಬ್ಬಕ್ಕೆ ಬಂದಾಗ ಕಾಲಿಗೆ ಬಿದ್ದೆ ಅಂತ ಇಟ್ಕೋ. ಇವತ್ತೇ ಹೇಳಿಬಿಡ್ತೀನಿ ಅಮ್ಮ ಅಂದೆ. ಅವಳೇನಂದ್ಲು ಗೊತ್ತಾ? ಕತ್ತರಿಸೋದಾದ್ರೆ ನನಗೋಸ್ಕರ ಕತ್ತರಿಸ್ಲಿ. ನಿನಗೆ ಬೇಡ ಅಂತ ಕತ್ತರಿಸೋದಾದ್ರೆ ಆ ಕರೆಂಟು ನನಗೆ ಬೇಡ ಅಂದ್ಲು. ನಾನು ಕೇಳಿದೀನಿ, ಅವನು ಇನ್ನೂ ಉತ್ತರ ಕೊಟ್ಟಿಲ್ಲ, ಕಾಯ್ತಾ ಇದೀನಿ ಅಂದ್ಲು."

ರಸ್ತೆಯ ಮೇಲೆ ಯಾರದೋ ಕಾರು ವೈರನ್ನು ದಾಟಿ ಹೋಯಿತು. ಒಳಗೆ ಬಲ್ಬು ಒಮ್ಮೆ ಮಿಣುಕಿ ಮತ್ತೆ ಉರಿಯಿತು. ಯೊಮೈರಾ ಎದ್ದು, ಲೋಟಗಳನ್ನು ತೊಳೆಯಲು ಒಳಗೆ ಹೋದಳು. ಎಲಾದಿಯೊ ಅಲ್ಲೇ ಕೂತಿದ್ದ. ಕಾಯುವವಳು ಕಾದಳು, ಅವನು ಜನರೇಟರಿನ ಮಾತಾಡಿದ. ಹುಡುಕಿದರೂ ಅದಕ್ಕಿಂತ ಬೇರೆ ಉತ್ತರ ಕೊಟ್ಟ ನೆನಪು ಅವನಿಗೆ ಬರಲಿಲ್ಲ.

ಮಗಳು ಊರಿಗೆ ಹೋದ ಮಾರನೆಯ ಬೆಳಗ್ಗೆ ಅವನು ಮೇಲೆ ಹತ್ತಿದ. ಕರೆಂಟಿದ್ದರೂ ಕತ್ತರಿಸುವ ಮಷೀನನ್ನು ಮುಟ್ಟಲಿಲ್ಲ. ಗರಗಸ ಹಿಡಿದು ಒಂದೊಂದೇ ಕಂಬಿಯನ್ನು ಬುಡದಲ್ಲಿ ಕೊಯ್ಯತೊಡಗಿದ. ಇಷ್ಟು ವರ್ಷ ಒಂದು ಚುಕ್ಕಿ ತುಕ್ಕು ತಗಲದಂತೆ ಕಾಪಾಡಿದ ಕಬ್ಬಿಣ, ಹೊಸದರಷ್ಟೇ ಗಟ್ಟಿಯಾಗಿತ್ತು, ಬಗ್ಗಲಿಲ್ಲ. ಅಂಗೈ ಬೊಬ್ಬೆ ಎದ್ದು ಒಡೆಯಿತು. ಸದ್ದು ಕೇಳಿ ಮೊನ್ಸೆರಾತೆ ಮೆಟ್ಟಿಲು ಹತ್ತಿ ಬಂದ. ಕೆಳಗೆ ಬಿದ್ದ ಕೆಂಪು ತುಂಡುಗಳನ್ನೂ ಬಿಯರ್ ಡಬ್ಬಿಗಳನ್ನೂ ನೋಡಿದ.

"ಈಗಾ ಮೇಸ್ತ್ರಿ?" ಎಂದ.

ಎಲಾದಿಯೊ ಮುಂದಿನ ಕಂಬಿಗೆ ಗರಗಸ ಹಚ್ಚಿದ. ಮೊನ್ಸೆರಾತೆ ಇಳಿದುಹೋದ.

ಕೆಲಸ ಮುಗಿಯಲು ಒಂದು ವಾರ ಹಿಡಿಯಿತು. ಬುಡಗಳ ಮೇಲೆ ಗಾರೆ ಮೆತ್ತಿ, ಪೈಪಿನ ಬಾಯನ್ನೂ ಮುಚ್ಚಿ, ನೀರು ಇಳಿಯದಂತೆ ಬಿಳಿ ಬಣ್ಣ ಬಳಿದ. ಆಮೇಲೆ ನೀರಿನ ತೊಟ್ಟಿಯ ಮೇಲೆ ಕಲ್ಲಿನ ಕೆಳಗೆ ಬಿಸಿಲಿಗೆ ಮಾಸಿಹೋಗಿದ್ದ ಕಾರ್ಡು ತೆಗೆದು ಫೋನ್ ಮಾಡಿದ.

ದೆಲಿರಿಸ್ ಬಂದಳು. ಮೇಲೆ ಹತ್ತಿ, "ಅಯ್ಯೋ ತಾತ, ಗುರುತೇ ಸಿಗಲ್ಲ," ಎಂದು ಸಂತೋಷಪಟ್ಟಳು. ಟ್ಯಾಬ್ ತೆರೆದು ಕೇಳತೊಡಗಿದಳು. ಮನೆಯಲ್ಲಿ ಎಷ್ಟು ಜನ. ಒಬ್ಬ ಎಂದ. ಫ್ರೀಜರು ಇದೆಯಾ. ಆರಿಸಿಬಿಟ್ಟಿದ್ದೇನೆ, ತುಂಬುವುದಕ್ಕೆ ಏನೂ ಇಲ್ಲ ಎಂದ. ಆ ಉಸಿರಿನ ಮಷೀನು ಎಂದಳು. ಕೊಟ್ಟವರೇ ಬಂದು ವಾಪಸು ತೆಗೆದುಕೊಂಡು ಹೋದರು ಎಂದ. ಆಗ ಅವಳಿಗೆ ಅರ್ಥವಾಯಿತು. ಒಳ್ಳೆಯ ಹುಡುಗಿ, ಮಾರುವುದಕ್ಕೆಂದು ಬಂದವಳಾದರೂ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ತಾತ, ಒಂದು ಫ್ಯಾನು, ಒಂದು ಬಲ್ಬು, ಒಂದು ಸಣ್ಣ ಫ್ರಿಜ್ಜು. ಇಷ್ಟಕ್ಕೆ ಇದು ಬೇಡ. ತಿಂಗಳ ಕಂತೇ ನಿಮ್ಮ ಬಿಲ್ಲಿಗಿಂತ ಜಾಸ್ತಿ ಆಗುತ್ತೆ. ಹಾಕಿದ ದುಡ್ಡು ಹುಟ್ಟಲ್ಲ."

"ಆವತ್ತು ಹುಟ್ತಿತ್ತು ಅಂದ್ಯಲ್ಲ."

"ಆವತ್ತಿನ ಲೆಕ್ಕ ಬೇರೆ ತಾತ. ಆವತ್ತು ಮನೇಲಿ ಮಷೀನ್ ಇತ್ತು."

ಎಲಾದಿಯೊ ತಲೆಯಾಡಿಸಿದ. ಬಿಳಿ ಬಳಿದ ತಾರಸಿಯ ಮೇಲೆ ಬಿಸಿಲು ಕಣ್ಣು ಕೋರೈಸುತ್ತಿತ್ತು, ಎಲ್ಲೂ ಒಂದು ಗೆರೆ ನೆರಳಿರಲಿಲ್ಲ. ದೆಲಿರಿಸ್ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡಳು. ಏನಾದರೂ ಸಮಾಧಾನದ ಮಾತು ಆಡಬೇಕೆಂದು ಅವಳಿಗೆ ಅನ್ನಿಸಿರಬೇಕು.

"ಆವತ್ತು ನೀವು ಅಷ್ಟು ಹಟ ಮಾಡಿದ್ರಿ. ಕೊನೆಗೆ ಕತ್ತರಿಸಿ ಅಂತ ಯಾರು ಒಪ್ಪಿಸಿದ್ದು?"

"ನನ್ನ ಹೆಂಡತಿ," ಎಂದ ಎಲಾದಿಯೊ. "ನೀನು ಬಂದ ದಿನಾನೇ ಕೇಳಿದ್ಲು. ನಾನು ಇಲ್ಲೇ ನಿಂತಿದ್ದೆ, ಕೇಳಿಸಿತ್ತು."